ಎಣ್ಣೆ ಕೈಯ ಅಂಟು

ಗೊರಸಜ್ಜನ ಮಗಳು ಉಗುರಜ್ಜಿ, ಉಗುರಜ್ಜಿಯ ಮಗ ಕುರ್ಚಿಯಪ್ಪ, ಕುರ್ಚಿಯಪ್ಪನ ಮಗಳು ಅಂಟಕ್ಕ. ಹೆತ್ತವರು ಇಟ್ಟ ಹೆಸರುಗಳು ಬೇರೆ ಇದ್ದವು, ಆದರೆ ಊರು ಇಟ್ಟ ಹೆಸರೇ ನಿಂತಿತು. ಅಂಟು ಬೇಯಿಸುವ ಮನೆಯಲ್ಲಿ ಅಂಟಿಕೊಳ್ಳದ ಹೆಸರು ಎಷ್ಟು ದಿನ ಬಾಳೀತು?

ಗೊರಸಜ್ಜ ಬರಿಗೈಯಲ್ಲಿ ಬಂದವನು. ಚರ್ಮ ಹದ ಮಾಡುವವರು ಹೊರಗೆ ಎಸೆದ ಚೂರು, ಕಟುಕರು ಬಿಸಾಕಿದ ಗೊರಸು, ನರ, ನಾಯಿಯೂ ಮೂಸಿ ಬಿಟ್ಟುಹೋದದ್ದನ್ನೆಲ್ಲ ಆಯ್ದು ತಂದ. ಸುಣ್ಣದ ನೀರಿನಲ್ಲಿ ನೆನೆಹಾಕಿ, ತೊಳೆದು, ಬೇಯಿಸಿ, ಸೋಸಿ, ಬೆಳಕಿಗೆ ಹಿಡಿದರೆ ಜೇನಿನಂತೆ ಕಾಣುವ ಅಂಟಿನ ಬಿಲ್ಲೆ ತೆಗೆದ. ವಾಸನೆ ತಾಳದೆ ಊರವರು ಓಡಿಸಿದರು. ಅವನು ಗಾಳಿ ಬೀಸುವ ದಿಕ್ಕು ನೋಡಿಕೊಂಡು ಊರಾಚೆ ಹೋಗಿ ಗೋಡೆ ಕಟ್ಟಿ ಕೂತ. ಆಮೇಲೆ ಊರೇ ಬೆಳೆದು ಬಂದು ಆ ಗೋಡೆಗೆ ಒರಗಿಕೊಂಡು, ಅಯ್ಯೋ ನಾತ, ಅಯ್ಯೋ ನಾತ ಎಂದಿತು. ಬಂದು ಒರಗಿದವರು ಯಾರು, ಕೂತಿದ್ದವನು ಯಾರು ಎಂದು ಕೇಳುವವರಿಲ್ಲ.

ಉಗುರಜ್ಜಿ ಬಿಲ್ಲೆಯ ಮೇಲೆ ಉಗುರು ಬಡಿದು, ಸದ್ದಿನಲ್ಲೇ ಅಂಟಿನ ಜಾತಕ ಹೇಳುತ್ತಿದ್ದಳು. ಅಂಟು ಬೇಯಬೇಕು, ಕುದಿಯಬಾರದು. ಕುದಿದರೆ ಹಿಡಿತ ಸಾಯುತ್ತದೆ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಒಮ್ಮೆ ಆಳು ತೂಕಡಿಸಿ ಕಡಾಯಿ ಪೂರ್ತಿ ಕುದಿದುಹೋಯಿತು. ಯಾರಿಗೂ ತಿಳಿಯಲ್ಲ, ಮಾರಿಬಿಡೋಣ ಎಂದ ಗಂಡನ ಎದುರಿಗೇ ಉಗುರಜ್ಜಿ ಅಷ್ಟನ್ನೂ ಚರಂಡಿಗೆ ಬಗ್ಗಿಸಿದಳು. ಚರಂಡಿ ಹೆಪ್ಪುಗಟ್ಟಿ ಬೀದಿಗೆ ಬೀದಿಯೇ ಬಂದು ಬೈದು ಹೋಯಿತು. ಅವಳು ಬೈಸಿಕೊಂಡಳೇ ಹೊರತು ಸತ್ತ ಅಂಟು ಮಾರಲಿಲ್ಲ.

ಅವಳ ಮಗನ ಕಾಲಕ್ಕೆ ಊರಿಗೆ ಕೋರ್ಟು ಬಂತು. ನ್ಯಾಯಾಧೀಶರ ಕುರ್ಚಿ, ವಕೀಲರ ಮೇಜು, ಕಕ್ಷಿಗಾರರ ಬೆಂಚು ಎಲ್ಲದರ ಕೀಲಿಗೂ ಇವರದೇ ಅಂಟು. "ನ್ಯಾಯ ಕೂತಿರೋದೇ ನನ್ನ ಗೊರಸಿನ ಮೇಲೆ" ಎಂದು ಹೇಳಿಕೊಂಡು ತಿರುಗಿ ಅವನು ಕುರ್ಚಿಯಪ್ಪನಾದ.

ಈ ಮನೆಗೆ ಒಂದು ಪದ್ಧತಿ ಇತ್ತು. ಗೊರಸಜ್ಜನಿಗೆ ಓದು ಬರಹ ಇರಲಿಲ್ಲ. ಬಡಗಿಗಳ ಜೊತೆ ಮಾತು ಕುದುರಿದರೆ, ನೆಲದಲ್ಲಿ ಬಿದ್ದ ಎರಡು ಮರದ ಚಕ್ಕೆ ಎತ್ತಿ, ನಡುವೆ ಬೆರಳಿನಿಂದ ಅಂಟು ಸವರಿ, ಒತ್ತಿ, ಕಿಟಕಿಯ ಮೇಲೆ ಇಡುತ್ತಿದ್ದ. ಬೆಳಗಾಗುವ ತನಕ ಮಾತು ಹಸಿ. ಇಬ್ಬರಲ್ಲಿ ಯಾರಿಗೆ ಬೇಡವೆನ್ನಿಸಿದರೂ ಬಂದು ಚಕ್ಕೆ ಕಿತ್ತು ಹೋಗಬಹುದು, ಮುಖ ಕೆಡಿಸಿಕೊಳ್ಳುವಂತಿಲ್ಲ. ಬೆಳಿಗ್ಗೆ ಚಕ್ಕೆ ಹಿಡಿದಿದ್ದರೆ ಮಾತು ಒಣಗಿತು ಎಂದು ಲೆಕ್ಕ. ಮಗಳು ಓದು ಕಲಿತರೂ, ಮೊಮ್ಮಗ ಕೋರ್ಟಿಗೇ ಸರಕು ಹಾಕಿದರೂ ಚಕ್ಕೆಯ ಪದ್ಧತಿ ಬಿಡಲಿಲ್ಲ. ಅಂಟಕ್ಕನ ರಕ್ತದಲ್ಲಿ ಅದು ಹಾಗೇ ಇಳಿದಿತ್ತು. ಅವಳು ಕೆಟ್ಟದ್ದೂ ಅದರಿಂದಲೇ.

ಕುರ್ಚಿಯಪ್ಪ ಸಾಯುವಾಗ ಪೇಟೆಯ ಪೀಠೋಪಕರಣದ ಅಂಗಡಿಯನ್ನು ಮಗನಿಗೂ, ಅಂಟಿನ ಹಿತ್ತಿಲನ್ನು ಮಗಳಿಗೂ ಕೊಟ್ಟ. ಮಗ ಆ ನಾತಕ್ಕೆ ಬೆನ್ನು ಹಾಕಿ ಓಡಿದವನು. ಮಗಳು ಮದುವೆಯನ್ನೂ ಒಲ್ಲೆನೆಂದು ಕಡಾಯಿಯ ಪಕ್ಕ ನಿಂತವಳು. ಹಿತ್ತಿಲಲ್ಲಿ ಸುಣ್ಣದ ತೊಟ್ಟಿ, ಒಲೆ, ಆಳೆತ್ತರದ ತಾಮ್ರದ ಕಡಾಯಿ, ಬಿಲ್ಲೆ ಒಣಗಿಸುವ ಬಲೆಗಳ ಚಪ್ಪರ, ಮೂಲೆಯಲ್ಲಿ ಅವಳ ಒಂದು ಕೋಣೆ. ಅಣ್ಣ ತೀರಿಕೊಂಡ ಮೇಲೆ ಅಂಗಡಿ ಅವನ ಮಗನ ಕೈಗೆ ಬಂತು.

ಆ ಮಗನಿಗೆ ಊರು ಅತ್ತರು ಎಂದು ಹೆಸರಿಟ್ಟಿತ್ತು. ಚಿಕ್ಕಂದಿನಲ್ಲಿ ಶಾಲೆಯ ಹುಡುಗರು ಗೊರಸು, ಗೊರಸು ಎಂದು ಅಣಕಿಸಿದ್ದರಂತೆ. ಅಂದಿನಿಂದ ಅವನು ಮೈಗೆ ಅತ್ತರು ಬಳಿದುಕೊಂಡದ್ದೇ ಬಳಿದುಕೊಂಡದ್ದು. ಕಿವಿಯ ಹಿಂದೆ, ಮಣಿಕಟ್ಟಿಗೆ, ಅಂಗೈಗೆ. ಅವನು ಬರುವ ಮುಂಚೆ ಅವನ ವಾಸನೆ ಬರುತ್ತಿತ್ತು, ಹೋದ ಮೇಲೂ ಕುರ್ಚಿಯಲ್ಲಿ ಕೂತಿರುತ್ತಿತ್ತು. ಮೈಯ ನಾತಕ್ಕೆ ಅತ್ತರು ಉಂಟು. ಬುದ್ಧಿಯ ನಾತಕ್ಕೆ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಅತ್ತೆಯ ಹಿತ್ತಿಲಿನ ಮುಂದೆ ಈಗ ಅಗಲವಾದ ರಸ್ತೆ ಬಂದಿತ್ತು. ಅಲ್ಲೊಂದು ಗಾಜಿನ ಮಳಿಗೆ ಕಟ್ಟಿದರೆ ಎಂಬ ಆಸೆ ಅತ್ತರಿನ ಎದೆ ಹೊಕ್ಕಿತು. ಅವನು ಅವಸರ ಮಾಡಲಿಲ್ಲ. ಮೊದಲು ಅತ್ತೆಯ ಮಂಡಿನೋವಿಗೆ ಎಣ್ಣೆ ತಂದುಕೊಟ್ಟ. ಆಮೇಲೆ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಒಂದು ಹೊಸ ಕಟ್ಟಡ ತೋರಿಸಿದ. ಮೂರನೇ ಮಹಡಿಯ ಮನೆ, ಹತ್ತಲು ಲಿಫ್ಟು, ತಿರುಗಿಸಿದರೆ ಬಿಸಿನೀರು ಬರುವ ನಲ್ಲಿ. ಅಂಟಕ್ಕ ಆ ನಲ್ಲಿಯ ಕೆಳಗೆ ಕೈ ಹಿಡಿದು ಬಹಳ ಹೊತ್ತು ನಿಂತಳು. ಕಟ್ಟಿಗೆ ಒಡೆದು ಒಡೆದು ಮಂಡಿ ಸವೆದವಳಿಗೆ ಬಿಸಿನೀರು ಎಂದರೆ ಸಣ್ಣ ಮಾತಲ್ಲ. ಹಿತ್ತಿಲು ಕೊಟ್ಟರೆ ಈ ಮನೆ, ಅದಲು ಬದಲು, ಮಧ್ಯೆ ಬೇರೆ ಲೆಕ್ಕವಿಲ್ಲ ಎಂದು ಅತ್ತರು ಹೇಳಿದ. ಅವಳು ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಒಂದು ಮಧ್ಯಾಹ್ನ ಅವನು ಕರಾರು ಪತ್ರ ಹಿಡಿದು ಚಪ್ಪರಕ್ಕೆ ಬಂದ. ಸಾಕ್ಷಿಗೆಂದು ಮೊಳೆ ಮಾವನನ್ನೂ ಕರೆತಂದಿದ್ದ. ಮೊಳೆ ಮಾವ ಹಳೆಯ ಬಡಗಿ. ಜನ್ಮದಲ್ಲಿ ಒಂದು ಮೊಳೆ ಹೊಡೆಯದೆ ಬರೀ ಕೀಲು ಮತ್ತು ಅಂಟಿನಲ್ಲಿ ಕೆಲಸ ಮಾಡಿದವನಾದ್ದರಿಂದ ಊರಿನ ಕುಹಕಕ್ಕೆ ಆ ಹೆಸರು. ಅಂಟಕ್ಕನ ಅಂಟಿಲ್ಲದೆ ಅವನ ಮನೆಯ ಒಲೆ ಉರಿದದ್ದಿಲ್ಲ.

ಅಂಟಕ್ಕ ಪತ್ರವನ್ನು ಓದಿದಳು. ಹಿತ್ತಿಲನ್ನು ಈ ದಿನವೇ ಬಿಟ್ಟುಕೊಟ್ಟಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಅವಳು ಅದನ್ನು ಮಡಚಿ, ನಾಳೆ ಹೇಳುತ್ತೇನೆ ಎಂದಳು.

ಅತ್ತರು ನಕ್ಕ. "ನಮ್ಮ ಮನೆ ಪದ್ಧತಿ ನಾನು ಮರೆತಿದೀನಾ ಅತ್ತೆ? ಸಹಿ ಇವತ್ತು ಹಾಕಿ, ಚಕ್ಕೆ ಇಡೋಣ. ಬೆಳಿಗ್ಗೆ ಬೇಡ ಅನ್ನಿಸಿದ್ರೆ ಕಿತ್ತುಬಿಡಿ. ಅಂಟು ಆರೋ ತನಕ ಮಾತು ಹಸಿನೇ ಅಲ್ವಾ?"

ನಾತ ಎಂದು ಮೂಗು ಮುಚ್ಚಿಕೊಂಡು ಬೆಳೆದ ಹುಡುಗನ ಬಾಯಲ್ಲಿ ತನ್ನಪ್ಪನ ಮಾತು ಕೇಳಿ ಅಂಟಕ್ಕ ಮಡಚಿದ ಪತ್ರವನ್ನು ಮತ್ತೆ ಬಿಚ್ಚಿದಳು. ಅತ್ತರು ಬಗ್ಗಿ ಎರಡು ಚಕ್ಕೆ ಎತ್ತಿದ, ಬೆಚ್ಚಗಿದ್ದ ಕುಡಿಕೆಗೆ ಬೆರಳದ್ದಿದ, ಸವರಿದ, ಒತ್ತಿದ, ಕಿಟಕಿಯ ಮೇಲಿಟ್ಟ. ಅಜ್ಜನೇ ಎದ್ದು ಬಂದು ಮಾಡಿದ ಹಾಗೆ ಮಾಡಿದ. ಅವಳು ಸಹಿ ಹಾಕಿದಳು. ಮೊಳೆ ಮಾವ ಸಾಕ್ಷಿ ಹಾಕಿದ. ಮೂರನೇ ಮಹಡಿಯ ಬೀಗದ ಕೈಯನ್ನು ಅತ್ತರು ಗೂಟಕ್ಕೆ ನೇತುಹಾಕಿ ಹೋದ.

ಬೆಳಿಗ್ಗೆ ಎದ್ದವಳಿಗೆ ಕೊಡುವ ಮನಸ್ಸು ಅರ್ಧ, ಬೇಡವೆನ್ನುವ ಮನಸ್ಸು ಅರ್ಧ. ಕಿಟಕಿಯ ಹತ್ತಿರ ಹೋಗಿ ಚಕ್ಕೆ ಎತ್ತಿದಳು. ಕೀಳುವ ಅಗತ್ಯವೇ ಬೀಳಲಿಲ್ಲ. ಎತ್ತಿದ್ದೇ ಎರಡೂ ಬೇರೆಯಾಗಿ ಒಂದು ಅವಳ ಕಾಲ ಮೇಲೆ ಬಿತ್ತು. ಅವಳ ಅಂಟು ಹಾಗೆ ಬಿಟ್ಟದ್ದು ಅದೇ ಮೊದಲು. ಮೂಗಿಗೆ ಹಿಡಿದು ನೋಡಿದಳು. ಅತ್ತರು. ಬಳಿದುಕೊಂಡ ಬೆರಳಿನ ಎಣ್ಣೆ ಮರಕ್ಕೆ ಇಳಿದಿತ್ತು. ಎಣ್ಣೆ ಮುಟ್ಟಿದ ಮರಕ್ಕೆ ಅಂಟು ಹಿಡಿಯುವುದಿಲ್ಲ ಎಂದು ಆ ಮನೆಯ ಬೆಕ್ಕಿಗೂ ಗೊತ್ತು.

ಇದು ಬೇಡವೆಂದು ಅವಳ ಮನಸ್ಸು ಅಲ್ಲಿಗೆ ಗಟ್ಟಿಯಾಯಿತು. ಚಕ್ಕೆಗಳನ್ನೂ ಬೀಗದ ಕೈಯನ್ನೂ ಮೇಲಂಗಿಯ ಜೇಬಿಗೆ ಹಾಕಿಕೊಂಡು ಅಂಗಡಿಗೆ ನಡೆದಳು. ಅತ್ತರು ದಿಂಬಿಗೊರಗಿ ಕೂತಿದ್ದ. ಚಕ್ಕೆಗಳನ್ನು ಎದುರಿಗಿಟ್ಟು, ಹಿಡಿದಿಲ್ಲ ಕಣಪ್ಪ, ಪತ್ರ ಹರಿದುಬಿಡು ಎಂದಳು. ಅವನು ಚಕ್ಕೆಯ ಕಡೆ ನೋಡಲೂ ಇಲ್ಲ.

"ಅಂಟು ಆರಿರಬಹುದು, ಆರದೇ ಇರಬಹುದು ಅತ್ತೆ," ಎಂದ. "ಶಾಯಿ ಆರಿತಲ್ಲ."

ಅಂಟಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಚಕ್ಕೆಗಳನ್ನು ಬಾಚಿ, ಇನ್ನೂ ಕೊಡದ ಬೀಗದ ಕೈ ಇದ್ದ ಜೇಬಿಗೇ ಹಾಕಿಕೊಂಡು ಹೊರಗೆ ಬಂದಳು. ಕೊಳೆತ ಗೊರಸಿನ ತೊಟ್ಟಿಗೆ ಇಳಿದು ಕೈಯಾಡಿಸಿದವಳು ಅವಳು. ಒಂದು ದಿನ ಓಕರಿಸಿದವಳಲ್ಲ. ಅವತ್ತು ಆ ಅಂಗಡಿಯ ಪಾಲಿಶು ಹೊಡೆದ ಮೆಟ್ಟಿಲ ಮೇಲೆ ಓಕರಿಸಿದಳು. ಅತ್ತರು ಆಳನ್ನು ಕರೆದು ಒರೆಸಲು ಹೇಳಿದ.

ವಾಪಸ್ಸು ಬರುವಷ್ಟರಲ್ಲಿ ಹಿತ್ತಿಲಿನ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಗೊರಸಜ್ಜ ತಂದ ತಾಮ್ರದ ಕಡಾಯಿಯನ್ನು ಗುಜರಿಯವರು ಮಗುಚಿ ಹಾಕಿ ಗಾಡಿಗೆ ಏರಿಸುತ್ತಿದ್ದರು. ಅವಳು ಅಡ್ಡ ನಿಂತಳು. ಅವರು ಪತ್ರ ತೋರಿಸಿದರು, ಪಕ್ಕಕ್ಕೆ ಸರಿಸಿದರು, ಹೋದರು.

ಎದುರಿಗೆ ಇಸ್ತ್ರಿ ಅಂಗಡಿಯ ಹೆಂಗಸು ನಿಂತು ನೋಡುತ್ತಿದ್ದಳು. ನಾತದ ಮೇಲೆ ನಗರಸಭೆಗೆ ಅತಿ ಹೆಚ್ಚು ದೂರು ಕೊಟ್ಟವಳು ಅವಳೇ; ಒಗೆದ ಬಟ್ಟೆಯೆಲ್ಲ ಗೊರಸು ನಾರುತ್ತದೆ ಎಂದು ದಿನಬೆಳಗಾದರೆ ಜಗಳ. ಈಗ ಬೀದಿ ದಾಟಿ ಬಂದು ಅಂಟಕ್ಕನ ಕೈ ಹಿಡಿದುಕೊಂಡಳು. "ಬಾ ಒಳಗೆ. ನಾನು ಬೈದಿದ್ದು ನಿನ್ನ ನಾತಕ್ಕೆ ಅಕ್ಕ, ನಿನಗಲ್ಲ" ಎಂದಳು. ಬಟ್ಟೆಯ ಗಂಟುಗಳ ನಡುವೆ ಒಂದು ಚಾಪೆಯ ಜಾಗ ಸಿಕ್ಕಿತು. ಅಂಟಕ್ಕ ಪುಕ್ಕಟೆ ಇರುವವಳಲ್ಲ. ಅವಳ ಇಸ್ತ್ರಿ ಮೇಜಿನ ಅಲುಗಾಡುವ ಕಾಲನ್ನು ಬಿಚ್ಚಿ, ಹೆರೆದು, ಕೂರಿಸಿಕೊಟ್ಟಳು.

ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಮಹಡಿಯ ಮೇಲೆ ಒಬ್ಬ ವಕೀಲಮ್ಮ ಇದ್ದಳು. ಕುರ್ಚಿ ಮಾಡುವವನ ಮಗಳು. ಚಿಕ್ಕವಳಿದ್ದಾಗ ಅಪ್ಪ ಕಳಿಸಿದನೆಂದು ಅಂಟಿಗಾಗಿ ಹಿತ್ತಿಲಿಗೆ ಬಂದು ನಿಲ್ಲುತ್ತಿದ್ದವಳು. ಅಂಟಕ್ಕ ಚಕ್ಕೆಗಳನ್ನೂ ಬೀಗದ ಕೈಯನ್ನೂ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಎಣ್ಣೆ ಕೈಯಲ್ಲಿ ಹಚ್ಚಿದ್ದು, ಹಿಡಿಯಲೇ ಇಲ್ಲ, ಆದ್ದರಿಂದ ಕರಾರು ಇಲ್ಲವೇ ಇಲ್ಲ ಎಂಬುದು ಅವಳ ವಾದ.

ವಕೀಲಮ್ಮ ಮುಲಾಜು ನೋಡಲಿಲ್ಲ. ಚಕ್ಕೆ ಶಾಸ್ತ್ರ ಕಾಯ್ದೆಗೆ ಗೊತ್ತಿಲ್ಲ ಎಂದಳು. ಓದು ಬಲ್ಲವಳು ಓದಿ ಸಹಿ ಹಾಕಿದ ಮೇಲೆ, ನಾಳೆ ಕೀಳಬಹುದು ಅಂದುಕೊಂಡಿದ್ದೆ ಎಂದರೆ ಯಾರೂ ಕೇಳುವುದಿಲ್ಲ ಎಂದೂ ಹೇಳಿದಳು. ಅಂಟಕ್ಕನ ಮುಖ ಕಪ್ಪಿಟ್ಟಿತು.

"ಕೇಳಿ ಅಕ್ಕ," ಎಂದಳು ವಕೀಲಮ್ಮ. "ಕೆಟ್ಟ ಕರಾರಲ್ಲಿ ಎರಡು ಥರ. ಒಂದು ಹುಟ್ಟೋವಾಗಲೇ ಸತ್ತಿರುತ್ತೆ. ಹುಚ್ಚು ಹಿಡಿದವರ ಹತ್ರ ಬರೆಸಿದ್ದು, ಕಳ್ಳತನ ಮಾಡಿಕೊಡ್ತೀನಿ ಅಂತ ಬರೆದದ್ದು, ಇಬ್ಬರೂ ಇದೆ ಅಂದ್ಕೊಂಡ ವಸ್ತುನೇ ಇಲ್ಲದೆ ಇದ್ದದ್ದು. ಅದನ್ನ ಯಾರೂ ಕೊಲ್ಲಬೇಕಾಗಿಲ್ಲ."

"ಎಣ್ಣೆ ಮರದ ಅಂಟು," ಎಂದಳು ಅಂಟಕ್ಕ.

"ಹೂಂ. ಇನ್ನೊಂದು ಹಿಡಿದಿರುತ್ತೆ. ಹೆದರಿಸಿ ಬರೆಸಿದ್ದು, ಮೋಸ ಮಾಡಿ ಬರೆಸಿದ್ದು. ಮೋಸಹೋದವರು ಬೇಡ ಅಂತ ಬಿಡಿಸೋ ತನಕ ಅದು ಗಟ್ಟಿಯಾಗೇ ನಿಂತಿರುತ್ತೆ. ನಿಮ್ಮದು ಈ ಜಾತಿ."

"ಬಿಸಿನೀರು ಕಾಣಿಸಿದ್ರೆ ಬಿಡೋ ಅಂಟು." ಅಂಟಕ್ಕ ಚಕ್ಕೆಗಳನ್ನು ಒಂದರ ಮೇಲೊಂದು ಇಟ್ಟಳು. "ಮೋಸ ಅಂತ ಗೊತ್ತಿದ್ದೂ ನಿಲ್ಲಿಸಿ ಇಡುತ್ತಾ ನಿಮ್ಮ ಕಾಯ್ದೆ? ಮೋಸಕ್ಕೂ ಅಷ್ಟೊಂದು ಮರ್ಯಾದೆನಾ?"

"ಮೋಸಕ್ಕಲ್ಲ ಅಕ್ಕ, ನಿಮಗೆ. ಬೇಕಾ ಬೇಡವಾ ಅಂತ ಹೇಳೋ ಹಕ್ಕು ಅವನಿಗಿಲ್ಲ, ನಿಮಗೊಬ್ಬರಿಗೇ ಇದೆ. ಆದ್ರೆ ಬೇಡ ಅನ್ನೋರು ಬೇಡ ಅಂದ ಹಾಗೇ ಇರಬೇಕು." ಅವಳು ಬೀಗದ ಕೈ ತೋರಿಸಿದಳು. "ಮೋಸ ಅಂತ ತಿಳಿದ ಮೇಲೂ ಹೋಗಿ ಆ ಮನೇಲಿ ಒಂದು ದಿನ ಇದ್ದು ಬಂದ್ರೋ, ಒಪ್ಪಿಕೊಂಡ ಹಾಗೆ. ಆಮೇಲೆ ನಾನಲ್ಲ, ನಮ್ಮಪ್ಪ ಬಂದ್ರೂ ಬಿಡಿಸೋಕಾಗಲ್ಲ."

ಅವತ್ತೇ ನೋಟೀಸು ಹೋಯಿತು. ಆ ಜಾಗವನ್ನು ಅವನು ಏನೂ ಅರಿಯದ ಮತ್ತೊಬ್ಬರಿಗೆ ದಾಟಿಸಿಬಿಟ್ಟರೆ ಬಿಡಿಸುವುದು ಕಷ್ಟ ಎಂದು ವಕೀಲಮ್ಮ ತಡೆಯಾಜ್ಞೆಯನ್ನೂ ತಂದಳು. ಉಳಿದದ್ದು ಒಂದೇ ಗಂಟು. ಅತ್ತೆ ತಪ್ಪು ತಿಳಿದಿದ್ದಾಳೆ ಎಂದು ಅತ್ತರಿಗೆ ಗೊತ್ತಿತ್ತು, ಆ ತಪ್ಪು ತಿಳುವಳಿಕೆಯನ್ನು ಅವನೇ ನೀರೆರೆದು ಬೆಳೆಸಿದ ಎಂದು ತೋರಿಸಬೇಕು. ಅವನ ಮಾತು ಕೇಳಿದವನು ಲೋಕದಲ್ಲಿ ಒಬ್ಬನೇ, ಮೊಳೆ ಮಾವ.

ಅಂಟಕ್ಕ ಅವನ ಕಾರ್ಖಾನೆಗೆ ಹೋದಳು. ಮೊಳೆ ಮಾವ ಹೊಸ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ಆ ದಿನ ಅತ್ತರು ಆಡಿದ ಮಾತನ್ನು ಕೋರ್ಟಿನಲ್ಲಿ ಹೇಳು ಎಂದು ಕೇಳಿದಳು. ಅವನು ಉಜ್ಜುಗೊರಡು ನಿಲ್ಲಿಸಲಿಲ್ಲ. ವಯಸ್ಸಾಯಿತು ತಂಗಿ, ಕಿವಿ ಮಂದ, ಅವತ್ತು ಏನೂ ಕೇಳಿಸಲಿಲ್ಲ ಎಂದ. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬ ತಗ್ಗಿದ ದನಿಯಲ್ಲಿ, ಸ್ಟೂಲು ಆಯ್ತಾ ಮಾವ ಎಂದ. "ನಾಳೆ ಬಾ, ಪಾಲಿಶ್ ಬಾಕಿ ಇದೆ" ಎಂದು ಮೊಳೆ ಮಾವ ಒಳಗಿಂದಲೇ ಕೂಗಿದ. ಕೂಗಿದ ಮೇಲೆ ಅವನ ಕೈ ನಿಂತಿತು. ಅಂಟಕ್ಕ ಹಲಗೆಗಳ ರಾಶಿ ನೋಡಿದಳು. ಒಂದೊಂದರ ಮೇಲೂ ಅತ್ತರಿನ ಅಂಗಡಿಯ ಗುರುತು. ಗಾಜಿನ ಮಳಿಗೆಯ ಕಪಾಟುಗಳ ಕೆಲಸ ಅವನಿಗೇ ಸಿಕ್ಕಿತ್ತು.

ಬೈಯುವಷ್ಟು ಬೈಗುಳ ಅವಳಲ್ಲಿತ್ತು. ಬೈಯಲು ಬಾಯಿ ತೆರೆದರೆ ಆ ಗಾಳಿ ಒಳಗೆ ಹೋಗುತ್ತದಲ್ಲ ಎಂದು ಅಸಹ್ಯವಾಗಿ, ತುಟಿ ಬಿಗಿಹಿಡಿದು ಹೊರಬಂದಳು. ಬೀದಿಗೆ ಬಂದ ಮೇಲೆ ಉಗಿದಳು.

ಚಳಿಗಾಲ ಬಂತು. ಇಸ್ತ್ರಿ ಅಂಗಡಿಯ ನೆಲ ಮಂಡಿಯನ್ನು ಹಲ್ಲಿಟ್ಟು ಕಚ್ಚುತ್ತಿತ್ತು. ಗೋಡೆಯಾಚೆ ಸುಣ್ಣದ ತೊಟ್ಟಿಯಲ್ಲಿ ನೆನೆಹಾಕಿದ್ದ ಸರಕು ಹೇಳುವವರು ಕೇಳುವವರಿಲ್ಲದೆ ಕೊಳೆಯತೊಡಗಿತು. ಹದ್ದುಬಸ್ತಿನಲ್ಲಿದ್ದಾಗ ಅದರದ್ದು ಬರೀ ವಾಸನೆ. ಈಗ ಅದು ಹೆಣದ ನಾತ. ಬೀದಿಯವರು ಮೂಗು ಮುಚ್ಚಿಕೊಂಡು, ಎಷ್ಟಾದರೂ ಅಂಟಕ್ಕ ಇದ್ದಾಗಲೇ ವಾಸಿ ಇತ್ತು ಎನ್ನತೊಡಗಿದರು. ಇದ್ದಾಗ ಇಲ್ಲದ ಬೆಲೆ ಇಲ್ಲದಾಗ ಬರುವುದು ಮನುಷ್ಯರಿಗೆ ಮಾತ್ರವಲ್ಲ, ವಾಸನೆಗೂ ಉಂಟು.

ಆ ಹೊತ್ತಿಗೇ ಅತ್ತರು ಹೇಳಿ ಕಳಿಸಿದ. ಕೇಸು ಕೇಸಿನ ಪಾಡಿಗೆ ನಡೆಯಲಿ, ಅತ್ತೆ ಆ ಚಳಿಯಲ್ಲಿ ಯಾಕೆ ನರಳಬೇಕು, ಬೀಗದ ಕೈ ಅವರ ಹತ್ತಿರವೇ ಇದೆಯಲ್ಲ, ಹೋಗಿ ಬಿಸಿನೀರಿನಲ್ಲಿ ಸ್ನಾನ ಮಾಡಿ ಬೆಚ್ಚಗೆ ಮಲಗಲಿ, ರಕ್ತಸಂಬಂಧ ಎಲ್ಲಿ ಹೋಗುತ್ತದೆ. ಕೇಳಲಿಕ್ಕೆ ಬೆಣ್ಣೆ. ಬೆಣ್ಣೆಯೊಳಗೆ ಗಾಳ ಇತ್ತು. ಆ ಕಟ್ಟಡದ ಕಾವಲುಗಾರನ ಬಟ್ಟೆಯೂ ಇಸ್ತ್ರಿಗೆ ಬರುವುದು ಇಲ್ಲಿಗೇ. ಮುದುಕಿ ಬಂದು ಬಾಗಿಲು ತೆರೆದರೆ ಫೋಟೋ ಹೊಡೆದು ಕಳಿಸು ಎಂದು ಅವನಿಗೆ ಹೇಳಿಟ್ಟಿದ್ದಾರೆಂದು ಇಸ್ತ್ರಿಯವಳ ಕಿವಿಗೆ ಬಿತ್ತು. ಅಂಟಕ್ಕ ಜೇಬಿನಿಂದ ಬೀಗದ ಕೈ ತೆಗೆದು ನೋಡಿದಳು. ಆ ನಲ್ಲಿಯ ಬಿಸಿನೀರು ಅವಳಿಗೆ ಕನಸಿನಲ್ಲೂ ಬರುತ್ತಿತ್ತು. ಅದನ್ನು ಇಲ್ಲವೆಂದರೆ ಸುಳ್ಳಾಗುತ್ತದೆ. ಬೀಗದ ಕೈಗೂ ಅತ್ತರಿನ ವಾಸನೆ ಹತ್ತಿತ್ತು. ಅದನ್ನು ಬೂದಿಯಲ್ಲಿ ತಿಕ್ಕಿ ತೊಳೆದರೂ ವಾಸನೆ ಹೋಗಲಿಲ್ಲ. ಹಳೆಯ ಬಟ್ಟೆಯಲ್ಲಿ ಕಟ್ಟಿ ವಕೀಲಮ್ಮನ ಕೈಗೆ ಒಪ್ಪಿಸಿ ಬಂದಳು, ಇದು ನನ್ನ ಹತ್ತಿರ ಇದ್ದರೆ ನನಗೆ ವಾಕರಿಕೆ ಎಂದು.

ಕೇಸು ಕೂಗಿದ ದಿನ ಅಂಟಕ್ಕ ಅಪ್ಪನ ಅಂಟಿನ ಬೆಂಚಿನ ಮೇಲೆ ಕೂತಿದ್ದಳು. ಕೈ ತಾನಾಗಿ ಬೆಂಚಿನ ಅಡಿಗೆ ಹೋಗಿ ಕೀಲು ತಡವಿತು. ಒಂದು ಕೂದಲಿನ ಸಂದು ಇರಲಿಲ್ಲ. ಅತ್ತರು ಕಟಕಟೆಗೆ ಬಂದಾಗ ಇಡೀ ಕೋಣೆ ಘಮ್ಮೆಂದಿತು. ನ್ಯಾಯಾಧೀಶರು ಒಮ್ಮೆ ಸೀನಿದರು.

ಅವನ ವಕೀಲರು ಗಿಣಿಗೆ ಕಲಿಸಿದ ಹಾಗೆ ಕಲಿಸಿ ಕಳಿಸಿದ್ದರು. ಅತ್ತೆ ಓದಿ ಸಹಿ ಹಾಕಿದರು, ನಾನು ಏನನ್ನೂ ಮುಚ್ಚಿಡಲಿಲ್ಲ, ಅಷ್ಟೇ ಅವನ ಉತ್ತರ. ವಕೀಲಮ್ಮ ಎದ್ದು ಎರಡು ಚಕ್ಕೆ ಎತ್ತಿ ಹಿಡಿದು, ಇದು ಏನು ಎಂದಳು. ಮರದ ಚೂರು ಎಂದ. ಅವಳು ದನಿ ಏರಿಸದೆ, ನಿಮ್ಮ ಮನೆತನದಲ್ಲಿ ತಲೆತಲಾಂತರದಿಂದ ಮಾತು ನಿಲ್ಲುತ್ತಿದ್ದದ್ದು ಪತ್ರದ ಮೇಲಲ್ಲ, ಇದರ ಮೇಲೆ, ಆದ್ದರಿಂದ ಇದು ಬಿಟ್ಟಿದ್ದರೆ ಪತ್ರವೂ ಬಿಟ್ಟ ಹಾಗೆ ಅಲ್ಲವೆ ಎಂದು ಕೇಳಿದಳು.

ಅತ್ತರಿನ ಮುಖಕ್ಕೆ ನಗೆ ಬಂತು. ಇಂಥ ದಡ್ಡ ವಾದ ಸಿಕ್ಕಿದ್ದು ಅವನಿಗೆ ಹಬ್ಬವಾಯಿತು. "ಅದೆಲ್ಲ ಮುದುಕರ ಆಟ ಸ್ವಾಮಿ," ಎಂದ. "ಸಂಜೆ ಇಟ್ಟು ಬೆಳಿಗ್ಗೆ ಕೀಳೋದು. ಸಹಿ ಬಿದ್ದ ಮೇಲೆ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಅವತ್ತೇ ನನಗೆ ಚೆನ್ನಾಗಿ ಗೊತ್ತಿತ್ತು."

"ನಿಮ್ಮ ಅತ್ತೆಗೆ?"

"ಅವರಿಗೆಲ್ಲಿ ಗೊತ್ತಾಗಬೇಕು? ಅವರು ಇನ್ನೂ ಚಕ್ಕೆ ಕಾಲದಲ್ಲೇ ಇದಾರೆ."

"ಹಾಗಾದ್ರೆ ಬೆಲೆ ಇಲ್ಲದ ಚಕ್ಕೆ ಆ ದಿನ ಯಾಕೆ ಇಟ್ಟಿರಿ?"

"ಇಡದೆ ಇದ್ರೆ ಸಹಿ ಹಾಕ್ತಿರಲಿಲ್ಲವಲ್ಲ" ಎಂದ ಅತ್ತರು. ಎಂದವನು ತನ್ನ ವಕೀಲರ ಮುಖ ನೋಡಿದ. ಅವರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಲು ಶುರುಮಾಡಿದ್ದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ. ಇವನೇ ಹೆಗಲು ಮುಟ್ಟಿ ನೋಡಿಕೊಂಡಿದ್ದ. ವಕೀಲಮ್ಮ ಇಷ್ಟು ಸಾಕು ಎಂದು ಕೂತಳು.

ಅದಾದ ಮೇಲೆ ಮೊಳೆ ಮಾವನ ಕಿವಿಯೂ ಪಕ್ಕನೆ ತೆರೆದುಕೊಂಡಿತು. ಗಾಳಿ ತಿರುಗಿತೆಂದು ತಿಳಿದು, ತಾನು ಎಲ್ಲ ಕೇಳಿದ್ದೆ, ಹೇಳುತ್ತೇನೆ ಎಂದು ವರಾಂಡದಲ್ಲಿ ಅಂಟಕ್ಕನ ಹಿಂದೆ ಹಿಂದೆ ಬಂದ. ಅವಳು ಅವನ ಕಡೆ ತಿರುಗಲಿಲ್ಲ. ಸುಳ್ಳಿಗೆ ಬಾಡಿಗೆ ಹೋದ ಬಾಯಿ ನಿಜ ಹೇಳಿದರೂ ಎಂಜಲು.

ತೀರ್ಪು ಬಂತು. ಚಕ್ಕೆಗೆ ಕಾಯ್ದೆಯಲ್ಲಿ ಬೆಲೆಯಿಲ್ಲ, ಅಂಟಕ್ಕನ ನಂಬಿಕೆ ತಪ್ಪು ಎಂದು ನ್ಯಾಯಾಧೀಶರು ಮೊದಲು ಅವಳಿಗೇ ಹೇಳಿದರು. ಆದರೆ ತಪ್ಪು ಎಂದು ಅರಿತವನು ಅದೇ ತಪ್ಪನ್ನು ಗಾಳಕ್ಕೆ ಸಿಕ್ಕಿಸಿ ಸಹಿ ಹಿಡಿದಿದ್ದಾನೆ, ಅದು ಒಪ್ಪಿಗೆಯಲ್ಲ, ವಂಚನೆ, ಕರಾರು ರದ್ದು. ರದ್ದಾದ ಮೇಲೆ ಇಬ್ಬರೂ ಪಡೆದದ್ದನ್ನು ಕೊಟ್ಟು ಮೊದಲಿದ್ದ ಜಾಗಕ್ಕೆ ಹೋಗಿ ನಿಲ್ಲಬೇಕು. ಅವಳು ಬೀಗದ ಕೈ ಕೊಡಬೇಕು, ಅವನು ಹಿತ್ತಿಲು ಕೊಡಬೇಕು. ಕಡಾಯಿ ಕರಗಿಹೋಗಿದೆ, ಕೊಡಲಾಗದು. ಅದರ ಬೆಲೆ ಮತ್ತು ನಷ್ಟ ಕೋರ್ಟಿಗೆ ಕಟ್ಟಬೇಕು. ಕಾಗದದ ಮೇಲೆ ಎಲ್ಲವೂ ಮೊದಲಿನಂತಾಯಿತು.

ಬೀಗ ತೆಗೆಸಿ ಒಳಗೆ ಕಾಲಿಟ್ಟಾಗ ಇಸ್ತ್ರಿಯವಳು ಬಾಗಿಲಿನಲ್ಲೇ ಹಿಂದೆ ಸರಿದಳು. ಚಪ್ಪರದ ಬಲೆಗಳನ್ನು ಇಲಿ ತಿಂದಿದ್ದವು. ತೊಟ್ಟಿಯಲ್ಲಿ ಹಸಿರು ಕಟ್ಟಿದ ರಾಡಿ, ಅದರ ಮೇಲೆ ಬಿಳಿಯ ಹುಳ. ಕಡಾಯಿ ಇದ್ದ ಒಲೆಯ ಬಾಯಿ ಹಲ್ಲು ಕಿತ್ತ ಹಾಗೆ ತೆರೆದುಕೊಂಡಿತ್ತು. ಅಂಟಕ್ಕ ತೋಳೇರಿಸಿ, ಮೇಲಂಗಿ ಎತ್ತಿಕಟ್ಟಿ, ತೊಟ್ಟಿಗಿಳಿದು ಬಕೆಟ್ಟಿನಲ್ಲಿ ರಾಡಿ ಎತ್ತತೊಡಗಿದಳು. ಈ ಹೇಸಿಗೆಗೆ ಅವಳು ಓಕರಿಸಲಿಲ್ಲ. ಇದನ್ನು ತೊಳೆದರೆ ಹೋಗುತ್ತದೆ.

ಹಾಗೆ ಎತ್ತುತ್ತಿರುವಾಗಲೇ ಬಾಗಿಲ ಮುಂದೆ ಗಾಡಿ ನಿಂತಿತು. ಗಾಡಿಯ ಮೇಲೆ ಥಳಥಳಿಸುವ ಹೊಸ ಕಡಾಯಿ. ಮುಂದೆ ಅತ್ತರು, ಮೂಗಿಗೆ ಕರವಸ್ತ್ರ, ಕರವಸ್ತ್ರಕ್ಕೆ ಅತ್ತರು. ಬೀದಿಯವರು ನೋಡಲೆಂದೇ ಬಂದವನು ಬೀದಿಯವರು ಸೇರುವ ತನಕ ಕಾದ. ಗಾಜಿನ ಮಳಿಗೆಗೆ ಬರಬೇಕಿದ್ದ ಗಿರಾಕಿಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅತ್ತೆಯನ್ನು ವಂಚಿಸಿದವನು ಎಂಬ ಮಾತು ಯಾವ ಅತ್ತರಿಗೂ ಮುಚ್ಚಿಹೋಗುತ್ತಿರಲಿಲ್ಲ. ಆಮೇಲೆ ಅವನು ದನಿ ತಗ್ಗಿಸಿ, ತಗ್ಗಿಸಿದ್ದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಆದದ್ದು ಆಯ್ತು ಅತ್ತೆ. ಕೋರ್ಟು ಹೇಳಿತು ಅಂತಲ್ಲ, ಅಣ್ಣನ ಮಗ ಸಹಾಯಕ್ಕೆ ತಂದ ಅಂತ ಇಟ್ಕೊಳ್ಳಿ. ಒಲೆನೂ ನಾನೇ ಕಟ್ಟಿಸ್ತೀನಿ. ನಮ್ಮ ನಮ್ಮಲ್ಲೇ ಮುಗೀತು ಅಂತ ನಾಲ್ಕು ಜನದ ಮುಂದೆ ಒಂದು ಮಾತು ಅಂದ್ಬಿಡಿ, ಸಾಕು."

ಒಬ್ಬಿಬ್ಬರು ಹಿರಿಯರು, ತಗೋ ಅಂಟಕ್ಕ, ದೊಡ್ಡ ಮನಸ್ಸು ಮಾಡು ಎಂದರು. ಅಂಟಕ್ಕ ಬಕೆಟ್ಟು ಕೆಳಗಿಟ್ಟು, ಮೊಣಕಾಲ ತನಕ ರಾಡಿ ಬಳಿದುಕೊಂಡೇ ತೊಟ್ಟಿಯಿಂದ ಹತ್ತಿ ಬಂದಳು. ಗಾಡಿಯ ಹತ್ತಿರ ನಿಂತು ಕಡಾಯಿಯ ಅಂಚನ್ನು ಮೂಸಿ ನೋಡಿ, ಮುಖ ತಿರುಗಿಸಿದಳು.

"ಕೋರ್ಟು ಹೇಳಿದ್ದನ್ನ ಕೋರ್ಟಲ್ಲೇ ಕಟ್ಟು, ರಸೀದಿ ತಗೋ. ಅದು ನನ್ನದು, ನಾನು ಹೋಗಿ ಎತ್ಕೋತೀನಿ, ಅದರಲ್ಲಿ ನನಗೆ ನಾಚಿಕೆ ಇಲ್ಲ. ಇದನ್ನ ವಾಪಸ್ ತಗೊಂಡು ಹೋಗು. ಸಹಾಯ ಅಂತ ತಂದಿದೀಯಲ್ಲ, ನಿನ್ನ ಕೈ ಇನ್ನೂ ಎಣ್ಣೆ ಕೈನೇ ಕಣೋ. ಎಣ್ಣೆ ಕೈ ಮುಟ್ಟಿದ ಕಡಾಯೀಲಿ ನಾನು ಅಂಟು ಬೇಯಿಸಲ್ಲ."